ರೀಲ್ ಕ್ಯಾಮೆರಾ ತಗೊಳ್ಳೋದು ಹೇಗೆ, ಮೊದಲ ರೀಲ್ ಹಾಳಾಗದ ಹಾಗೆ ನೋಡ್ಕೊಳ್ಳೋದು ಹೇಗೆ

ಹಳೇ ಕಾಲದ ರೀಲ್ ಕ್ಯಾಮೆರಾ ಬೇಕು ಅನ್ನಿಸಿದ ತಕ್ಷಣ ಆನ್‌ಲೈನಲ್ಲಿ ಹುಡುಕೋಕೆ ಕೂರ್ಬೇಡಿ, ಮೊದಲು ಮನೆಯ ಬೀರು ತೆಗೆದು ನೋಡಿ. ನಿಮ್ಮನೇಲಿ ಇಲ್ದಿದ್ರೆ ದೊಡ್ಡಪ್ಪನ ಮನೇಲಿ, ಸೋದರಮಾವನ ಮನೇಲಿ ಕೇಳಿ. ಮಂಗಳೂರು ಉಡುಪಿ ಕಡೆ ಗಲ್ಫಿಂದ ರಜೆಗೆ ಬರೋರು ಟೇಪ್ ರೆಕಾರ್ಡರ್ ಜೊತೆಗೆ ಯಾಶಿಕಾನೂ ತರ್ತಿದ್ದ ಕಾಲ ಇತ್ತು, ಅದರಲ್ಲಿ ಎಷ್ಟೋ ಇನ್ನೂ ರೇಷ್ಮೆ ಸೀರೆಗಳ ಕೆಳಗೆ ಕವರ್ ಸಮೇತ ಮಲಗಿವೆ. ನನಗೆ ಯಾಶಿಕಾ ಎಲೆಕ್ಟ್ರೋ 35 ಸಿಕ್ಕಿದ್ದೂ ಹಾಗೇನೇ, ಮಾವ ತೀರ್ಕೊಂಡು ವರ್ಷ ಆದ್ಮೇಲೆ ಅತ್ತೆ ಬೀರು ಖಾಲಿ ಮಾಡ್ವಾಗ. ಕೈಗೆ ಬಂದ ಖುಷಿಗೆ ಹಿಂದಿನ ಬಾಗಿಲು ತೆಗೆದುಬಿಟ್ಟೆ, ಒಳಗೆ ಅರ್ಧ ಮುಗಿದಿದ್ದ ರೀಲ್ ಇತ್ತು. ಮಾವ ಕೊನೇ ಸಲ ಯಾರ ಫೋಟೋ ತೆಗೆದಿದ್ರೋ, ಬೆಳಕು ಬಿದ್ದು ಹೋಯ್ತು.

ಅದಕ್ಕೇ ಮೊದಲ ಹೆಜ್ಜೆ ಇದು: ಬಾಗಿಲು ತೆಗೀಬೇಡಿ. ಎಡಗಡೆ ಮೇಲಿರೋ ರಿವೈಂಡ್ ಹಿಡಿಯನ್ನ ಬಾಣದ ಗುರುತಿನ ಕಡೆ ಮೆಲ್ಲಗೆ ತಿರುಗಿಸಿ, ಬಿಗಿ ಸಿಕ್ಕಿದ್ರೆ ಒಳಗೆ ರೀಲ್ ಇದೆ ಅಂತ ಅರ್ಥ. ಕೆಳಗಡೆ ಚಿಕ್ಕ ಬಟನ್ ಒಂದಿರುತ್ತೆ, ಅದನ್ನ ಒತ್ತಿ ಪೂರ್ತಿ ಸುತ್ತಿ, ಬಿಗಿ ಸಡಿಲ ಆದ್ಮೇಲೆ ಬಾಗಿಲು ತೆಗೀರಿ. ಹಳೇ ರೀಲನ್ನೂ ತೊಳೆಸಿ ನೋಡಿ, ಕಪ್ಪು ಬಿಳುಪು ಆಗಿದ್ರೆ ಎಷ್ಟೋ ವರ್ಷದ ಮೇಲೂ ಏನಾದ್ರೂ ಉಳಿದಿರೋ ಸಾಧ್ಯತೆ ಇದೆ.

ಮನೇಲಿ ಸಿಗ್ಲಿಲ್ಲ, ದುಡ್ಡು ಕೊಟ್ಟೇ ತಗೋಬೇಕು ಅಂದ್ರೆ ನಾನು ಹೇಳೋದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಮಾಡೆಲ್ ಅದು, ಎಲ್ಲಾ ಕೈಯಲ್ಲೇ ತಿರುಗಿಸೋದು, ಸೆಲ್ ಬೇಕಾಗೋದು ಬೆಳಕು ಅಳೆಯೋ ಮೀಟರ್‌ಗೆ ಮಾತ್ರ, ಸೆಲ್ ಸತ್ತರೂ ಫೋಟೋ ನಿಲ್ಲಲ್ಲ. ಮೀಟರ್‌ಗೆ ಆಫ್ ಸ್ವಿಚ್ ಇಲ್ಲ, ಹಾಗಾಗಿ ಲೆನ್ಸ್ ಕ್ಯಾಪ್ ಹಾಕಿಡದಿದ್ರೆ ಸೆಲ್ ಸುಮ್ನೆ ಖರ್ಚಾಗುತ್ತೆ. ರಷ್ಯಾದ ಜೆನಿಟ್ ಇನ್ನೂ ಕಮ್ಮಿಗೆ ಸಿಗುತ್ತೆ, ಭಾರ ಜಾಸ್ತಿ, ಆದ್ರೆ ಅದರ ಹೆಲಿಯೋಸ್ 58 ಎಂಎಂ ಲೆನ್ಸ್ ನನಗೆ ತುಂಬಾ ಇಷ್ಟ. ಬರೋಡಾದಲ್ಲಿ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ 3 ನೋಡೋಕೆ ಮುದ್ದಾಗಿದೆ, ಆದ್ರೆ ಅದಕ್ಕೆ ಬೇಕಾಗೋದು 120 ಅನ್ನೋ ಅಗಲದ ರೀಲ್, ಒಂದಕ್ಕೆ 12 ಫೋಟೋ ಅಷ್ಟೇ, ಕಲಿಯೋಕೆ ಮಾಮೂಲಿ 35 ಎಂಎಂ ರೀಲೇ ವಾಸಿ.

ಬೆಂಗಳೂರಲ್ಲಿ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ಜೇಬಲ್ಲಿ ಚಿಕ್ಕ ಟಾರ್ಚ್, ಎರಡು ಎಲ್‌ಆರ್44 ಬಟನ್ ಸೆಲ್ ಇರಲಿ. ರೇಟ್ ಮಾತಾಡೋದು ಆಮೇಲೆ, ಮೊದಲು ಪರೀಕ್ಷೆ.

ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಸ್ವಲ್ಪ ಧೂಳಿದ್ರೆ ತಲೆ ಕೆಡಿಸ್ಕೋಬೇಡಿ, ಆದ್ರೆ ಜೇಡರ ಬಲೆ ಥರ, ಬೇರು ಬಿಟ್ಟ ಹಾಗೆ ಎಳೆಎಳೆ ಕಂಡ್ರೆ ಅದು ಫಂಗಸ್. ನಮ್ಮ ಕರಾವಳಿ ಮಲೆನಾಡಿನ ತೇವಕ್ಕೆ ಲೆನ್ಸ್ ಹಾಳು ಮಾಡೋ ಮೊದಲ ಶತ್ರು ಇದು, ಬಿಟ್ರೆ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತೆ. ಆಮೇಲೆ ಶಟರನ್ನ (ರೀಲಿಗೆ ಬೆಳಕು ಬಿಟ್ಟು ಮುಚ್ಚೋ ಪರದೆ) 1 ಸೆಕೆಂಡಿಗೆ ಇಟ್ಟು ಒತ್ತಿ, ಬಾಯಲ್ಲಿ ಎಣಿಸಿ, ಮಧ್ಯ ನಿಂತುಹೋದ್ರೆ ಅಥವಾ ಎಳೆದ್ರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ, ಸರ್ವೀಸ್ ಖರ್ಚು ಲೆಕ್ಕ ಹಾಕ್ಕೊಳ್ಳಿ (ಜೆನಿಟ್‌ನಲ್ಲಿ 1 ಸೆಕೆಂಡ್ ಇರಲ್ಲ, 1/30ರಿಂದ ಶುರು). ರೀಲ್ ಇಲ್ಲ ಅಂತ ಖಾತ್ರಿ ಆದ್ಮೇಲೆ ಬಾಗಿಲು ತೆಗೆದು ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ, ಡಾಂಬರಿನ ಥರ ಬೆರಳಿಗೆ ಅಂಟಿದ್ರೆ ಬದಲಾಯಿಸ್ಲೇಬೇಕು, ಇಲ್ದಿದ್ರೆ ಬೆಳಕು ನುಗ್ಗಿ ಪ್ರತಿ ಫೋಟೋದಲ್ಲೂ ಕೆಂಪು ಪಟ್ಟಿ ಬರುತ್ತೆ. ಇದನ್ನ ಮನೇಲೇ ಮಾಡಬಹುದು, ಹಳೇದನ್ನ ಸ್ಪಿರಿಟ್ ಹಾಕಿ ಕೆರೆದು ತೆಗೆದು, ಕಪ್ಪು ಉಲ್ಲನ್ ದಾರ ಅಥವಾ ತೆಳ್ಳನೆ ಫೋಮ್ ಅಂಟಿಸಿದ್ರೆ ಆಯ್ತು. ಸೆಲ್ ಹಾಕೋ ಜಾಗದಲ್ಲಿ ಹಸಿರು ಕಿಲುಬು ಇದ್ರೆ ಇಯರ್ ಬಡ್ಡಲ್ಲಿ ವಿನೆಗರ್ ಅದ್ದಿ ಒರೆಸಿ, ಎಷ್ಟೋ ಸತ್ತ ಮೀಟರ್ ಇಷ್ಟಕ್ಕೇ ಎದ್ದು ಕೂತಿದ್ದು ನೋಡಿದೀನಿ.

ಆನ್‌ಲೈನಲ್ಲಿ ತಗೊಳ್ಳೋದಾದ್ರೆ ಇದೇ ಪರೀಕ್ಷೆಗಳ ವಿಡಿಯೋ ಕೇಳಿ. ಟೆಸ್ಟ್ ಮಾಡಿಲ್ಲ ಅಂತ ಬರೆದಿದ್ರೆ ಕೆಟ್ಟಿದೆ ಅಂತಾನೇ ಓದ್ಕೊಂಡು ಆ ರೇಟಿಗೆ ಕೇಳಿ.

ಸೆಲ್ ವಿಷಯದಲ್ಲಿ ಜನ ಎಡವ್ತಾರೆ. ಕ್ಯಾನೊನೆಟ್ ಥರದ ಎಷ್ಟೋ ಹಳೇ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಸೆಲ್‌ಗೆ ಅಂತ ಮಾಡಿದ್ದು, ಆ ಸೆಲ್ ಈಗ ಬರಲ್ಲ. ಅದೇ ಸೈಜಿನ 1.5 ವೋಲ್ಟ್ ಸೆಲ್ ಹಾಕಿದ್ರೆ ಮೀಟರ್ ತಪ್ಪು ಹೇಳುತ್ತೆ. ಕಿವಿ ಕೇಳಿಸದವರ ಮಷಿನ್‌ಗೆ ಹಾಕೋ 675 ನಂಬರಿನ ಸೆಲ್ ಮೆಡಿಕಲ್ ಶಾಪಲ್ಲಿ ಕೇಳಿ, ಅದು 1.4 ವೋಲ್ಟ್, ಸುತ್ತ ಒಂದು ರಿಂಗ್ ಇಟ್ಟು ಹಾಕಿದ್ರೆ ಸರಿಹೋಗುತ್ತೆ. ನನ್ನ ಎಲೆಕ್ಟ್ರೋದಲ್ಲಿ ಮೊದಲು ಇದ್ದಿದ್ದು 5.6 ವೋಲ್ಟಿಂದು, ಈಗ 6 ವೋಲ್ಟಿನ 4ಎಲ್‌ಆರ್44 ಹಾಕಿದೀನಿ, ಉದ್ದ ಕಮ್ಮಿ ಇರೋದ್ರಿಂದ ಒಂದು ಸ್ಪ್ರಿಂಗ್ ಸೇರಿಸಿದೀನಿ, ಚೆನ್ನಾಗಿ ನಡೀತಿದೆ.

ಈಗ ರೀಲ್. ಕ್ಯಾಮೆರಾ ಒಂದ್ಸಲದ ಖರ್ಚು, ರೀಲ್ ಪ್ರತಿ ಸಲದ್ದು, ಕಲರ್ ರೀಲ್ ಒಂದಕ್ಕೇ ಸಾವಿರದ ಆಸುಪಾಸು ಆಗುತ್ತೆ, ಮೇಲೆ ತೊಳೆಸೋದು, ಸ್ಕ್ಯಾನ್. 36 ಫೋಟೋಗೆ ಭಾಗ ಮಾಡಿ ನೋಡಿ, ಒಂದು ಕ್ಲಿಕ್ಕಿಗೆ ಎಷ್ಟು ಬೀಳುತ್ತೆ ಅಂತ ಗೊತ್ತಾದ್ಮೇಲೆ ಕೈ ತಾನಾಗೇ ನಿಧಾನ ಆಗುತ್ತೆ. ರೀಲಿನ ಮೇಲಿರೋ ನಂಬರ್ ಅದು ಬೆಳಕು ಹಿಡಿಯೋ ಶಕ್ತಿ, ಬಿಸಿಲಿಗೆ ಕೊಡಾಕ್ ಗೋಲ್ಡ್ 200 ಸಾಕು, ಮಳೆಗಾಲಕ್ಕೆ, ಮನೆಯೊಳಗೆ 400ರದ್ದು ಬೇಕು. ಹಳೇ ಸ್ಟುಡಿಯೋಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ರೀಲ್ ಇನ್ನೂ ಉಳಿದಿದ್ರೆ ಆಸೆಗೆ ತಗೊಳ್ಳಿ, ಆದ್ರೆ ಡೇಟ್ ಮುಗಿದ ಪ್ರತಿ 10 ವರ್ಷಕ್ಕೆ ಒಂದು ಸ್ಟಾಪ್, ಅಂದ್ರೆ ಎರಡರಷ್ಟು, ಬೆಳಕು ಜಾಸ್ತಿ ಕೊಡ್ಬೇಕು ಅನ್ನೋ ಲೆಕ್ಕ ನೆನಪಿರಲಿ, ಮುಖ್ಯವಾದ ಸಮಾರಂಭಕ್ಕೆ ಮಾತ್ರ ಬೇಡ.

ನೆರಳಲ್ಲಿ ನಿಂತು ಲೋಡ್ ಮಾಡಿ. ರೀಲಿನ ನಾಲಿಗೆಯನ್ನ ಬಲಗಡೆ ಸುರುಳಿಯ ಸಂದಿಗೆ ಸಿಕ್ಕಿಸಿ, ಲಿವರ್ ಒಂದ್ಸಲ ಎಳೆದು ಎರಡೂ ಅಂಚಿನ ತೂತುಗಳು ಹಲ್ಲಿಗೆ ಕೂತಿವೆಯಾ ನೋಡಿ, ಆಮೇಲೆ ಬಾಗಿಲು ಮುಚ್ಚಿ. ಎರಡು ಖಾಲಿ ಫೋಟೋ ಹೊಡೀರಿ. ಲಿವರ್ ಎಳೀವಾಗ ಎಡಗಡೆಯ ರಿವೈಂಡ್ ಹಿಡಿ ತಾನೂ ತಿರುಗ್ಬೇಕು, ತಿರುಗ್ಲಿಲ್ಲ ಅಂದ್ರೆ ರೀಲ್ ಕಚ್ಚಿಲ್ಲ, ಕೌಂಟರ್ ಮಾತ್ರ ಓಡ್ತಾ ಇರುತ್ತೆ. ನಾಮಕರಣಕ್ಕೋ ಗೃಹಪ್ರವೇಶಕ್ಕೋ ಪೂರ್ತಿ ದಿನ ಹೊಡೆದು ಕೊನೆಗೆ ಖಾಲಿ ರೀಲ್ ಕೈಗೆ ಬರೋದು ಹೀಗೇನೇ, ದಯವಿಟ್ಟು ಇದೊಂದನ್ನ ಪ್ರತಿ ಸಲ ನೋಡಿ.

ಮೀಟರ್ ಇಲ್ದಿದ್ರೂ ನಡೆಯುತ್ತೆ. ಶಟರನ್ನ ರೀಲಿನ ನಂಬರಿಗೆ ಹತ್ತಿರ ಇಡಿ, 200ರ ರೀಲಿಗೆ 1/250. ಆಮೇಲೆ ಲೆನ್ಸಿನ ಎಫ್ ನಂಬರ್, ಅಂದ್ರೆ ಬೆಳಕು ಬರೋ ತೂತಿನ ಅಳತೆ, ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು. ಚೆನ್ನಾಗಿ ಬಿಸಿಲಿದ್ರೆ ಎಫ್ 16, ತೆಳ್ಳಗೆ ಮೋಡ ಅಡ್ಡ ಬಂದು ನೆರಳು ಮಾಸಲಾದ್ರೆ ಎಫ್ 11, ನೆರಳೇ ಬೀಳದಷ್ಟು ಮೋಡ ಇದ್ರೆ ಎಫ್ 8, ದಟ್ಟ ಮೋಡಕ್ಕೆ 5.6, ಮರದ ನೆರಳು ಜಗಲಿ ಅಂದ್ರೆ ಎಫ್ 4. ಅನುಮಾನ ಬಂದ್ರೆ ಬೆಳಕು ಒಂಚೂರು ಜಾಸ್ತಿನೇ ಕೊಡಿ, ನೆಗೆಟಿವ್ ರೀಲು ಜಾಸ್ತಿಯನ್ನ ತಡ್ಕೊಳ್ಳುತ್ತೆ, ಕಮ್ಮಿಯಾದ್ರೆ ನೆರಳಿನ ಜಾಗ ಎಲ್ಲಾ ಮಣ್ಣುಮಣ್ಣಾಗಿ ಬರುತ್ತೆ. ಮೊದಲ ರೀಲಿನ ಪ್ರತಿ ಫೋಟೋಗೂ ಶಟರ್, ಎಫ್ ನಂಬರ್ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ, ಕ್ಯಾಮೆರಾದ ತಪ್ಪು ಯಾವುದು ನಮ್ಮ ತಪ್ಪು ಯಾವುದು ಅಂತ ಅದರಿಂದಲೇ ಗೊತ್ತಾಗೋದು.

ವಿಮಾನದಲ್ಲಿ ಹೋಗೋರು ರೀಲನ್ನ ಚೆಕ್ ಇನ್ ಬ್ಯಾಗಿಗೆ ಹಾಕ್ಲೇಬೇಡಿ, ಕೈಯಲ್ಲಿಟ್ಕೊಂಡು ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಿ, ಬ್ಯಾಗ್ ತಪಾಸಣೆಗೆ ಈಗ ಇಡೋ ಜೋರು ಎಕ್ಸ್‌ರೇಯ ಸಿ.ಟಿ. ಸ್ಕ್ಯಾನರ್‌ಗಳು ರೀಲ್ ಹಾಳು ಮಾಡ್ತವೆ.

ತೊಳೆಸೋಕೆ ಚಿಕ್ಕ ಊರಲ್ಲಿ ಈಗ ಕಷ್ಟ, ಲ್ಯಾಬ್ ಇರೋ ದೊಡ್ಡ ಊರಿಗೆ ಕೊರಿಯರ್ ಮಾಡ್ಬೇಕಾಗುತ್ತೆ. ಕಲರ್ ರೀಲಿನ ಡೆವಲಪರ್ (ಚಿತ್ರ ಮೂಡಿಸೋ ಕೆಮಿಕಲ್) 38 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್, ಆ ಬಿಸಿ ಅಲುಗಬಾರದು, ಹಾಗಾಗಿ ಹೊಸಬರು ಲ್ಯಾಬಿಗೇ ಕೊಡಿ. ಕಪ್ಪು ಬಿಳುಪು ಬೇರೆ, ಅದಕ್ಕೆ ಅದರ ಕೆಮಿಕಲ್‌ಗಳು, 20 ಡಿಗ್ರಿ ನೀರು, ಒಂದು ಟ್ಯಾಂಕ್, ಬೆಳಕು ನುಗ್ಗದ ಬಾತ್‌ರೂಮ್ ಇದ್ರೆ ಸಾಕು, ಬೇಸಿಗೇಲಿ ನೀರಿಗೆ ಐಸ್ ಇಟ್ಟು ತಣ್ಣಗೆ ಮಾಡ್ಕೋಬೇಕು ಅಷ್ಟೇ.

ಲ್ಯಾಬಿಗೆ ಕೊಡ್ವಾಗ ನೆಗೆಟಿವ್ ವಾಪಸ್ ಬೇಕು ಅಂತ ಬರೆದು ಕೊಡಿ, ಸ್ಕ್ಯಾನ್ ಕಳ್ಸಿ ನೆಗೆಟಿವ್ ಎಸೆಯೋರೂ ಇದಾರೆ. ಬಂದಿದ್ದನ್ನ ಆರಾರು ಫೋಟೋದ ತುಂಡು ಮಾಡಿ ಕವರಿಗೆ ಹಾಕಿ, ತಿಂಗಳು, ಊರು, ಫೋಟೋದಲ್ಲಿರೋರ ಹೆಸರು ಬರೆದು, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಕ್ಯಾಮೆರಾನೂ ಹಾಗೇ, ಲೆದರ್ ಕವರಿಂದ ಹೊರಗೆ ತೆಗೆದು, ಯಾಕಂದ್ರೆ ಲೆದರ್ ತೇವ ಹಿಡಿಯುತ್ತೆ. ಆವತ್ತು ಅತ್ತೆಯ ಬೀರುವಿನ ಕೆಳಗಿನ ಖಾನೇಲಿ ಮಾವನ ಹಳೇ ನೆಗೆಟಿವ್‌ಗಳೂ ಒಂದು ಬಿಸ್ಕತ್ ಡಬ್ಬಿ ತುಂಬಾ ಇದ್ವು, ಒಂದಕ್ಕೂ ಹೆಸರಿಲ್ಲ. ಈಗ ಭಾನುವಾರ ಭಾನುವಾರ ಒಂದೊಂದು ತುಂಡು ಲೈಟ್ ಬೋರ್ಡ್ ಮೇಲಿಟ್ಟು ಮೊಬೈಲಲ್ಲಿ ಫೋಟೋ ತೆಗೆದು ಅತ್ತೆಗೆ ಕಳಿಸ್ತೀನಿ, ಅವರು ಫೋನ್ ಮಾಡಿ ಇದು ಯಾರು, ಇದು ಯಾರ ಮದುವೆ ಅಂತ ಹೇಳ್ತಾರೆ, ನಾನು ಕವರ್ ಮೇಲೆ ಬರ್ಕೋತೀನಿ.