ಕಲಬುರಗಿ ಬಿಸಿಲಲ್ಲಿ ಎಲ್‌ಪಿ: ಹಾಡಿನ ‘ಸ’ ಸೀಳದಂತೆ ಕೇಳಬೇಕೆಂದರೆ

ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಜೋಡಿಯ 1956ರ ಆಲ್ಬಮ್‌ನಂಥದ್ದರ ಎಲ್‌ಪಿ (ಗ್ರಾಮಫೋನ್ ಪ್ಲೇಟು) ಮರುಮುದ್ರಣ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಕವರಿನ ‘180 ಗ್ರಾಂ’ ಚೀಟಿಯ ಮೇಲೆ. ತೂಕ ಹೆಚ್ಚಿದ್ದರೆ ಪ್ಲೇಟು ದಪ್ಪ, ಅಷ್ಟೇ. ನೋಡಬೇಕಾದ್ದು ಬೇರೆ: ಮೂಲ ಟೇಪಿನಿಂದ ಮಾಡಿದ್ದೋ ಅಲ್ಲವೋ, ಮೊನೊ (ಎರಡೂ ಸ್ಪೀಕರಿಗೆ ಒಂದೇ ಸದ್ದು ಕೊಡುವ) ರೆಕಾರ್ಡಿಂಗ್ ಮೊನೊ ಆಗಿಯೇ ಉಳಿದಿದೆಯೋ ಇಲ್ಲವೋ. ಮೊನೊವನ್ನು ಆಮೇಲೆ ಸ್ಟೀರಿಯೊ ಮಾಡಿದ ಪ್ರತಿ ಅಗ್ಗಕ್ಕೆ ಸಿಕ್ಕರೂ ಬೇಡ. ದನಿ ನಡುವೆ ನಿಲ್ಲದೆ ಹರಡಿಹೋಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ತರಿಸದಿದ್ದರೆ ಒಳ್ಳೆಯದು. ತರಿಸಿದರೆ ಪಾರ್ಸೆಲ್ಲನ್ನು ಕಾರಿನಲ್ಲಿ ಬಿಡಬೇಡಿ. ಹೊರಗೆ 42 ಡಿಗ್ರಿ ಇದ್ದರೆ ಕಿಟಕಿ ಮುಚ್ಚಿದ ಕಾರಿನೊಳಗೆ 60 ದಾಟುವುದು ಕಷ್ಟವೇನಲ್ಲ, ಆ ಬಿಸಿಗೆ ಪ್ಲೇಟು ಮೆತ್ತಗಾಗಿ ಡೊಂಕಾಗುತ್ತದೆ. ಮನೆಗೆ ಬಂದ ಮೇಲೆ ಎರಡು ಮೂರು ತಾಸು ನೆರಳಲ್ಲಿಟ್ಟು ಬಿಚ್ಚಿ, ಬಿಗಿದ ಪ್ಲಾಸ್ಟಿಕ್ ಹೊದಿಕೆ ತೆಗೆದುಹಾಕಿ. ಡೊಂಕಾದ ಪ್ಲೇಟನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಾಕುವ ಉಪಾಯ ಹೇಳುವವರ ಮಾತು ಕೇಳಬೇಡಿ. ಡೊಂಕು ಹೋದರೂ ಹಾಡು ಕೊರೆದ ಗೆರೆ ಕೆಡುತ್ತದೆ.

ಟರ್ನ್‌ಟೇಬಲ್ (ಪ್ಲೇಟು ತಿರುಗಿಸುವ ಯಂತ್ರ) ಕೆಳಗೆ ಹಾಕಲು ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಸಾಮಾನಿದೆ, ಶಹಾಬಾದಿ ಫರಸಿ. 50 ಸೆಂ.ಮೀ. ಉದ್ದ, 40 ಅಗಲ, 3 ದಪ್ಪದ ಕಲ್ಲು ಸುಮಾರು 15 ಕಿಲೋ ತೂಗುತ್ತದೆ. ಕೆಳಗೆ ನಾಲ್ಕು ಮೂಲೆಗೂ ರಬ್ಬರ್ ತುಂಡು ಕೊಡಿ, ಬರೀ ಕಲ್ಲಾದರೆ ಅದೇ ಗಣಗುಟ್ಟುತ್ತದೆ. ಗಾರೆಯವರ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಮಟ್ಟ ನೋಡಿ. ಸ್ಪೀಕರ್ ಮಾತ್ರ ಅದೇ ಕಲ್ಲಿನ ಮೇಲೆ ಬೇಡ.

ಹೊಸ ಪ್ಲೇಟಿಗೂ ಕಾಗದದ ಪುಡಿ ಅಂಟಿರುತ್ತದೆ, ಅದಕ್ಕೇ ತೊಳೆಯಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದರೆ ಸುಣ್ಣ ಗೆರೆಯಲ್ಲಿ ಕೂರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಆದರೆ ಅಲ್ಲೇ ಆಸಿಡ್ ಕ್ಯಾನೂ ಇರುವುದರಿಂದ ಚೀಟಿ ಓದಿ ತನ್ನಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ಮೆತ್ತನೆ ಬ್ರಷ್‌ನಿಂದ ಗೆರೆಯ ಗುಂಟ ತಿಕ್ಕಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ತೊಳೆದು, ಲೇಬಲ್ ನೆನೆಯದಂತೆ ನಿಲ್ಲಿಸಿ ಒಣಗಿಸಿ. ಫ್ಯಾನ್ ಆರಿಸಿರಿ, ಇಲ್ಲದಿದ್ದರೆ ತೆಗೆದ ಧೂಳೇ ಮತ್ತೆ ಬಂದು ಕೂರುತ್ತದೆ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳು ಮನೆಯಲ್ಲಿದ್ದರೆ ಅವಕ್ಕೆ ಸ್ಪಿರಿಟ್ ಇರುವ ಯಾವ ದ್ರಾವಣವನ್ನೂ ಮುಟ್ಟಿಸಬೇಡಿ. ಅವು ಅರಗಿನವು, ಕರಗುತ್ತವೆ.

ಇನ್ನು ಮುಳ್ಳಿನ ಕೆಲಸ. ಹಾಡಿನ ರೆಕಾರ್ಡ್‌ನಲ್ಲಿ ತಪ್ಪು ಮೊದಲು ಕೇಳಿಸುವುದು ‘ಸ’, ‘ಶ’ ಅಕ್ಷರಗಳಲ್ಲಿ, ಅದೂ ಪ್ಲೇಟಿನ ಕೊನೆಯ ಹಾಡಿನಲ್ಲಿ. ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ ಒಳಗೆ 21 ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಚೂಪು ಸದ್ದು ಹಿಡಿಯುವುದು ಮುಳ್ಳಿಗೆ ಕಷ್ಟ. ಆಡಿಯೊ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಮುಳ್ಳು ಕೂತಿರುವ ಭಾಗ) ಇದ್ದರೆ ಮುಳ್ಳು ಗೆರೆಯನ್ನು ಒತ್ತುವ ಭಾರ 2 ಗ್ರಾಂ ಇಡಿ. ಮೊದಲು ಆ್ಯಂಟಿಸ್ಕೇಟ್ (ತೋಳು ಒಳಗೆ ಎಳೆದುಕೊಳ್ಳುವುದನ್ನು ತಡೆಯುವ ಗುಂಡಿ) ಸೊನ್ನೆಗೆ ತಂದು, ತೋಳು ನೆಲಕ್ಕೆ ಸಮವಾಗಿ ತೇಲುವಂತೆ ಹಿಂದಿನ ತೂಕ ತಿರುಗಿಸಿ, ಅಲ್ಲಿ ಅಂಕಿ ಸೊನ್ನೆ ಮಾಡಿ, ಆಮೇಲೆ 2ಕ್ಕೆ ಬನ್ನಿ. ಅಂಕಿಯನ್ನೇ ನಂಬಬೇಡಿ, ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿ. ಭಾರ ಕಡಿಮೆ ಇದ್ದರೆ ಗೆರೆ ಸವೆಯದು ಎಂಬುದು ಬಹಳ ಜನರ ತಪ್ಪು ಲೆಕ್ಕ. ಹಗುರ ಮುಳ್ಳು ಕುಣಿದು ಗೋಡೆಗೆ ಬಡಿಯುತ್ತದೆ, ಹಾಳು ಮಾಡುವುದು ಅದೇ. ಕೊನೆಗೆ ಆ್ಯಂಟಿಸ್ಕೇಟ್ ಕೂಡ 2ಕ್ಕೆ ತನ್ನಿ.

ಇಲ್ಲಿ ಮೊನೊ ಪ್ಲೇಟು ಕೈಗೆ ಬಂದ ಅಳತೆಗೋಲು. ದನಿ ಎರಡು ಸ್ಪೀಕರಿನ ಸರಿ ನಡುವೆ ಇರಬೇಕು. ‘ಸ’ ಬಲಗಡೆ ಮಾತ್ರ ಸೀಳಿದರೆ ಆ್ಯಂಟಿಸ್ಕೇಟ್ ಸ್ವಲ್ಪ ಏರಿಸಿ, ಎಡಗಡೆ ಮಾತ್ರವಾದರೆ ಇಳಿಸಿ. ಎರಡೂ ಕಡೆ ಸೀಳಿದರೆ ಕಾರ್ಟ್ರಿಜ್ ಕೂತ ಕೋನವನ್ನು ಪ್ರೊಟ್ರಾಕ್ಟರ್ ಹಾಳೆಯಿಂದ (ಕೋನ ಅಳೆಯುವ ಗೆರೆಗಳ ಹಾಳೆ) ನೋಡಿ, ಮುಳ್ಳಿಗೆ ಧೂಳಿನ ಉಂಡೆ ಅಂಟಿದೆಯೇ ಎಂದೂ ನೋಡಿ. ಬಾಸ್ ಇಲ್ಲದೆ ದನಿ ಪೀಚಾಗಿದ್ದರೆ ಪ್ರೀ-ಆಂಪ್ (ಮುಳ್ಳಿನ ಸಣ್ಣ ಸದ್ದನ್ನು ಮೊದಲು ಏರಿಸುವ ಸಾಧನ) ಇಲ್ಲದೆ ನೇರ ಆಂಪ್ಲಿಫೈಯರಿನ ಆಕ್ಸ್‌ಗೆ ಚುಚ್ಚಿದ್ದೀರಿ. ಒರಟಾಗಿ ಒಡೆದು ಬಂದರೆ ಟರ್ನ್‌ಟೇಬಲ್ ಒಳಗಿನ ಪ್ರೀ-ಆಂಪೂ ಆಂಪ್ಲಿಫೈಯರಿನ ಫೋನೊ ಎಂಬ ಪ್ರೀ-ಆಂಪೂ ಎರಡೂ ಆನ್ ಆಗಿವೆ.

ಹಾಡಿನ ನಡುವೆ ಕರೆಂಟ್ ಹೋದರೆ ತಕ್ಷಣ ಮುಳ್ಳು ಎತ್ತಿ. ಮರಳಿ ಬಂದಾಗ ಗೆರೆಯಲ್ಲೇ ಕೂತಿರಬಾರದು. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಪಡುವಣ ಗೋಡೆಯ ಕಡೆ ಬೇಡ. ಮೇಲ್ಮಹಡಿಯ ಕೋಣೆಯಂತೂ ಬೇಸಿಗೆಯಲ್ಲಿ ಒಲೆ, ಅಲ್ಲಿಂದ ಕೆಳಗಿಳಿಸಿ.