ಟಾಕೀಸು ಅಳೆಯಲು ಹೋಗಿ ಗಲ್ಲಿ ನೋಡಿದ್ದು

ನಾನು ಆರ್ಕಿಟೆಕ್ಟ್. 1968ರಲ್ಲಿ ಶುರುವಾದ, 1,465 ಸೀಟಿನ ಬೆಂಗಳೂರಿನ ಕಪಾಲಿ ಟಾಕೀಸು 2017ರಲ್ಲಿ ಮುಚ್ಚಿದಾಗ ತುಂಬಾ ಬೇಜಾರಾಗಿತ್ತು. ಅದರ ಒಂದು ಅಳತೆಯನ್ನೂ ನಾನು ತೆಗೆದಿರಲಿಲ್ಲ. ಹಾಗಾಗಿ ಕೆ.ಜಿ. ರಸ್ತೆಯ ಕಡೆ ಉಳಿದಿದ್ದ ಇನ್ನೊಂದು ಹಳೆಯ ಟಾಕೀಸಿನ ನಕ್ಷೆಯನ್ನಾದರೂ ಬರೆದಿಡೋಣ ಅಂತ ಹೊರಟೆ. ಒಂದು ಟಾಕೀಸಿನ ಹೆಸರೇ ಇಡೀ ಏರಿಯಾಗೆ ಮೆಜೆಸ್ಟಿಕ್ ಅಂತ ನಿಂತುಬಿಟ್ಟಿರುವ ಜಾಗ ಅದು, ಅಷ್ಟಾದರೂ ಮಾಡಬೇಕಲ್ವಾ.

ಮೂರು ದಿನ, ಮೊದಲ ಆಟಕ್ಕೆ ಮುಂಚೆ, ಟೇಪು ಹಿಡಿದು ಅಳೆದೆ. ಡ್ರಾಯಿಂಗ್ ನೀಟಾಗಿ ಬಂತು. ಆದರೆ ನೋಡಿದರೆ ಗೋಡೌನ್ ಥರ ಇತ್ತು! ಕಿಟಕಿ ಇಲ್ಲದ ಡಬ್ಬ, ಮುಂದೊಂದು ಅಲಂಕಾರದ ಗೋಡೆ, ಅಷ್ಟೇ.

ಆಮೇಲೆ ಕ್ಯಾಮೆರಾ ತಂದೆ. ಮೊದಲ ದಿನ ಕಟೌಟು, ಹೂವಿನ ಹಾರ, ಪಟಾಕಿ ಅಂತ ಸುಮ್ನೆ ಸುತ್ತಾಡಿ ಶೂಟ್ ಮಾಡಿದ್ದೆಲ್ಲ ಜಾಹೀರಾತಿನ ಹಾಗಿತ್ತು, ಅಳಿಸಿಬಿಟ್ಟೆ. ಮುಂದಿನ ಶುಕ್ರವಾರ ಪಕ್ಕದ ಗಲ್ಲಿಯ ಟೀ ಅಂಗಡಿ ಹತ್ತಿರ ಟ್ರೈಪಾಡ್ ನಿಲ್ಲಿಸಿ, ಫ್ರೇಮ್ ಒಂದಿಂಚೂ ಕದಲಿಸದೆ, ಬೆಳಗಿನ ಆಟದಿಂದ ಸೆಕೆಂಡ್ ಶೋ ಬಿಡುವವರೆಗೂ ಕೂತೆ.

ನಕ್ಷೆಯಲ್ಲಿ ನಾನು ಬರೀ ಎರಡು ಬಾಗಿಲು ಅಂತ ಗುರುತು ಹಾಕಿದ್ದು ಅಲ್ಲಿ ಬೇರೆಯೇ ಕಥೆ ಹೇಳಿತು. ಬಾಲ್ಕನಿಯವರು ಮುಂದಿನ ದೊಡ್ಡ ಮೆಟ್ಟಿಲಿಳಿದು ಮೇನ್ ರೋಡಿಗೆ ಹೋಗುತ್ತಾರೆ, ಕೆಳಗಿನ ಅಗ್ಗದ ಸೀಟಿನ ಗಾಂಧಿ ಕ್ಲಾಸಿನವರು ಪಕ್ಕದ ಬಾಗಿಲಿಂದ ಸೀದಾ ಗಲ್ಲಿಗೆ. ಒಂದೇ ಸಿನಿಮಾಗೆ ಒಟ್ಟಿಗೆ ಶಿಳ್ಳೆ ಹೊಡೆದವರು ಹೊರಗೆ ಮುಖಾಮುಖಿ ಆಗುವುದೇ ಇಲ್ಲ. ಕಟ್ಟಿದವರು ಇದನ್ನು ಯೋಚಿಸಿಯೇ ಮಾಡಿದ್ದಾರೆ ಅಂತ ನನ್ನ ಅನುಮಾನ.

ಇನ್ನೊಂದು ವಿಷಯ. ಪ್ರತಿ ಆಟ ಬಿಡುವ ಐದು ನಿಮಿಷ ಮುಂಚೆ ಕಡಲೆಕಾಯಿ ಗಾಡಿ ಬಂದು ನಿಲ್ಲುತ್ತಿತ್ತು. ಗಾಡಿಯವನ ಕೈಯಲ್ಲಿ ವಾಚಿಲ್ಲ.

"ಅಣ್ಣ, ಹೆಂಗೆ ಗೊತ್ತಾಗುತ್ತೆ?"

"ಲಾಸ್ಟ್ ಫೈಟು ಕೇಳ್ಸುತ್ತಲ್ಲ ಸಾರ್."

ಆ ಸದ್ದು ಹೊರಬರುವ ಗೋಡೆಯ ಪಕ್ಕ ನಕ್ಷೆಯಲ್ಲಿ ನಾನು 'ಶಬ್ದ ಸೋರುತ್ತಿದೆ, ರಿಪೇರಿ ಆಗಬೇಕು' ಅಂತ ಕೆಂಪು ಇಂಕಿನಲ್ಲಿ ಬರೆದಿದ್ದೆ. ಮಾಲ್‌ಗಳ ಮಲ್ಟಿಪ್ಲೆಕ್ಸಿನಲ್ಲಿ ಈ ತೊಂದರೆ ಇಲ್ಲ, ಆಟ ಬಿಟ್ಟವರು ಲಿಫ್ಟಿನಲ್ಲಿ ಪಾರ್ಕಿಂಗಿಗೆ ಇಳಿದುಬಿಡುತ್ತಾರೆ, ರಸ್ತೆಗೆ ಸುದ್ದಿಯೇ ಮುಟ್ಟಲ್ಲ.

ಈಗ ಆ ನಕ್ಷೆಯಲ್ಲಿ ಗಲ್ಲಿಯೂ ಇದೆ, ಗಾಡಿ ನಿಲ್ಲುವ ಜಾಗವೂ ಇದೆ, ಪಕ್ಕದಲ್ಲಿ ಆಟ ಬಿಡುವ ಹೊತ್ತೂ ಇದೆ. ನೀವೂ ಮಾಡುವುದಾದರೆ ಟಿಕೆಟ್ ಕ್ಯೂಗಿಂತ ಜಾಸ್ತಿ ಹೊತ್ತು ಹೊರಬಾಗಿಲ ಹತ್ತಿರ ಕಳೆಯಿರಿ. ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ.