ಬಾಹ್ಯಾಕಾಶ ಜೀವವಿಜ್ಞಾನಕ್ಕಾಗಿ ಮಷಿನ್ ಲರ್ನಿಂಗ್ ಕಲಿತ ನನ್ನ ಅನುಭವ

ಗದಗಿನ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಬಾಹ್ಯಾಕಾಶ ಜೀವವಿಜ್ಞಾನವು ಬಹುಕಾಲ ಓದಿ ಸಂತೋಷಪಡುವ ವಿಷಯವಾಗಿತ್ತೇ ಹೊರತು ಕೈಹಚ್ಚಿ ಮಾಡುವ ಕೆಲಸವಾಗಿರಲಿಲ್ಲ. 2025ರ ಜೂನ್ 25ರಂದು ಆಕ್ಸಿಯಮ್-4 ಯಾನದಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ, ಅವರು ಅಲ್ಲಿ ನಡೆಸಬೇಕಿದ್ದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ರೂಪಿಸಿದ ಹೆಸರು ಹಾಗೂ ಮೆಂತ್ಯೆ ಕಾಳುಗಳ ಮೊಳಕೆಯ ಪ್ರಯೋಗವೂ ಇತ್ತು. ನಮ್ಮ ಎರೆ ಹೊಲಗಳಲ್ಲಿ ಮುಂಗಾರಿಗೆ ಬಿತ್ತುವ ಹೆಸರು ಕಕ್ಷೆಯಲ್ಲಿ ಮೊಳೆಯುತ್ತದೆ ಎಂಬ ಸುದ್ದಿ ಓದಿದ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ ನೇರವಾಗಿತ್ತು: ಅಲ್ಲಿಂದ ತಂದ ಮಾದರಿಗಳಲ್ಲಿ ಏನು ಬದಲಾಗಿದೆ ಎಂದು ವಿಜ್ಞಾನಿಗಳು ಹೇಗೆ ಕಂಡುಹಿಡಿಯುತ್ತಾರೆ? ಪಠ್ಯಪುಸ್ತಕದ ಉತ್ತರ ನನ್ನ ಬಳಿ ಇತ್ತು. ಆದರೆ ಸ್ವತಃ ಮಾಡಿ ನೋಡಿದವನ ಉತ್ತರ ಕೊಡಬೇಕೆನ್ನಿಸಿತು. ಅದಕ್ಕಾಗಿ, ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ವ್ಯತ್ಯಾಸ ಗುರುತಿಸಲು ಕಲಿಯುವ ಮಷಿನ್ ಲರ್ನಿಂಗ್ ವಿಧಾನವನ್ನು ಕಲಿಯಲು ಹೊರಟೆ.

ಅದು ಗದಗಿನಲ್ಲಿ ಕುಳಿತೇ ಸಾಧ್ಯವಾದದ್ದಕ್ಕೆ ಕಾರಣ, ಈ ಕ್ಷೇತ್ರದ ದತ್ತಾಂಶ ಮುಕ್ತವಾಗಿರುವುದು. ನಾಸಾದ ಓಪನ್ ಸೈನ್ಸ್ ಡೇಟಾ ರೆಪಾಸಿಟರಿಯಲ್ಲಿ, ಅಂದರೆ ಜೀನ್‌ಲ್ಯಾಬ್ ಸೇರಿರುವ ಭಂಡಾರದಲ್ಲಿ, ಇಲಿ, ಹಣ್ಣುನೊಣ, ಪ್ರಯೋಗಾಲಯಗಳಲ್ಲಿ ಬಳಸುವ ಪುಟ್ಟ ಅರಬಿಡಾಪ್ಸಿಸ್ ಸಸ್ಯ, ಸೂಕ್ಷ್ಮಜೀವಿಗಳ ಮೇಲೆ ನಡೆದ ಬಾಹ್ಯಾಕಾಶ ಪ್ರಯೋಗಗಳ ಫಲಿತಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇವೆ. ಶುಲ್ಕವಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಕಲಿಕೆಗೂ ಹಣ ಬೇಕಾಗಲಿಲ್ಲ. ಎನ್‌ಪಿಟಿಇಎಲ್‌ನ ಪಾಠಗಳನ್ನು ಪ್ರಮಾಣಪತ್ರದ ಪರೀಕ್ಷೆ ಬೇಡವೆಂದರೆ ಉಚಿತವಾಗಿ ನೋಡಬಹುದು. ಗೂಗಲ್‌ನ ಮಷಿನ್ ಲರ್ನಿಂಗ್ ಕ್ರ್ಯಾಶ್ ಕೋರ್ಸ್ ಉಚಿತ. ಜೀನ್‌ಲ್ಯಾಬ್ ತಂಡವೇ ಕಾಲೇಜುಗಳಿಗಾಗಿ ಸಿದ್ಧಪಡಿಸಿದ ಜಿಎಲ್4ಯು ತರಬೇತಿಯು ಆರ್‌ಎನ್‌ಎ ಸೀಕ್ವೆನ್ಸಿಂಗ್ (ಪ್ರತಿ ಜೀನ್ ಎಷ್ಟು ಸಕ್ರಿಯವಾಗಿದೆ ಎಂದು ಅದರ ಆರ್‌ಎನ್‌ಎ ಓದಿ ಎಣಿಸುವ ವಿಧಾನ) ವಿಶ್ಲೇಷಣೆಯನ್ನು, ಕೋಡ್ ಮತ್ತು ವಿವರಣೆ ಒಟ್ಟಿಗಿರುವ ಜುಪಿಟರ್ ನೋಟ್‌ಬುಕ್‌ಗಳ ಮೂಲಕ ಹಂತಹಂತವಾಗಿ ಕಲಿಸುತ್ತದೆ. ಬ್ರೌಸರ್‌ನಲ್ಲೇ ನಡೆಯುವ ಗೂಗಲ್ ಕೊಲ್ಯಾಬ್ ಇರುವುದರಿಂದ ಹಳೆಯ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಸಾಕಾದವು.

ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಕಲಿತ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಪ್ಯಾಂಡಾಸ್ ಸಾಧನದಲ್ಲಿ ಕೋಷ್ಟಕ ಓದುವುದು, ಎರಡು ಕೋಷ್ಟಕಗಳನ್ನು ಜೋಡಿಸುವುದು, ಮಷಿನ್ ಲರ್ನಿಂಗ್‌ಗಾಗಿ ಇರುವ ಸೈಕಿಟ್-ಲರ್ನ್ ಸಾಧನದಲ್ಲಿ ಒಂದು ಮಾಡೆಲ್ (ದತ್ತಾಂಶದಿಂದ ಗುಂಪು ಗುರುತಿಸಲು ಕಲಿಯುವ ಲೆಕ್ಕದ ಸೂತ್ರ) ಕಟ್ಟುವುದು, ಇಷ್ಟು ಬಂದ ಮೇಲೆ ಭಾಷೆಯ ಪಾಠವನ್ನು ಅಲ್ಲಿಗೇ ನಿಲ್ಲಿಸಿ ನಿಜವಾದ ದತ್ತಾಂಶಕ್ಕೆ ಕೈಹಾಕಿದ್ದು ಒಳ್ಳೆಯದಾಯಿತೆಂದು ಈಗಲೂ ನಂಬಿದ್ದೇನೆ. ಉಳಿದ ವ್ಯಾಕರಣವನ್ನು ಕೆಲಸವೇ ಕಲಿಸಿತು.

ನಾನು ಆರಿಸಿಕೊಂಡದ್ದು ರೋಡೆಂಟ್ ರಿಸರ್ಚ್-1 ಯಾನದ ಇಲಿಗಳ ಯಕೃತ್ತಿನ ದತ್ತಾಂಶ. ಈ ಇಲಿಗಳು 2014ರ ಸೆಪ್ಟೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ನಿಲ್ದಾಣಕ್ಕೆ ಹೋಗಿದ್ದವು. ಯಕೃತ್ತನ್ನೇ ಆರಿಸಲು ಕಾರಣವಿದೆ: 2011ರಲ್ಲಿ ಕೊನೆಯ ಶಟಲ್ ಯಾನವಾದ ಎಸ್‌ಟಿಎಸ್-135ರಲ್ಲಿ ಹೋಗಿಬಂದ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ಚಯಾಪಚಯ ಬದಲಾಗಿದ್ದುದು ವರದಿಯಾಗಿತ್ತು. ಹಾಗಾಗಿ ಮಾಡೆಲ್ ಹೇಳುವುದನ್ನು ಒರೆಗೆ ಹಚ್ಚಲು ಜೀವವಿಜ್ಞಾನದ ಆಧಾರವೊಂದು ಮೊದಲೇ ಇತ್ತು. ಸೀಕ್ವೆನ್ಸಿಂಗ್‌ನ ಮೂಲ ಕಡತಗಳು ಹಲವು ಗಿಗಾಬೈಟ್‌ಗಳಷ್ಟಿರುತ್ತವೆ, ಅವನ್ನು ನಾನು ಮುಟ್ಟಲಿಲ್ಲ. ಸ್ಟಾರ್, ಆರ್‌ಎಸ್‌ಇಎಂ, ಡಿಇಸೆಕ್2 ಸಾಧನಗಳ ಮೂಲಕ ಜೀನ್‌ಲ್ಯಾಬ್ ಸಂಸ್ಕರಿಸಿ ಇಟ್ಟಿರುವ ಎಣಿಕೆಯ ಕೋಷ್ಟಕ ಚಿಕ್ಕದು, ಮನೆಯ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆಯುತ್ತದೆ. ಒಂದೊಂದು ಸಾಲು ಒಂದೊಂದು ಜೀನ್, ಒಂದೊಂದು ಕಂಬ ಒಂದೊಂದು ಇಲಿ. ಈ ಎಣಿಕೆಗಳನ್ನು ನೋಡಿ ಯಾವ ಇಲಿ ಯಾನಕ್ಕೆ ಹೋಗಿತ್ತು, ಯಾವುದು ಹೋಲಿಕೆಗಾಗಿ ನೆಲದಲ್ಲೇ ಉಳಿದಿತ್ತು ಎಂದು ಹೇಳುವುದು ಮಾಡೆಲ್‌ನ ಕೆಲಸ.

ಈ ಕೋಷ್ಟಕವನ್ನು ಮೊದಲ ಬಾರಿ ನೋಡಿದಾಗಲೇ ವಿಷಯದ ತಿರುಳು ಕಾಣುತ್ತದೆ. ಸಾಲುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು, ಇಲಿಗಳು ಕೈಬೆರಳಲ್ಲಿ ಎಣಿಸುವಷ್ಟು. ಕಕ್ಷೆಗೆ ಇಲಿಗಳನ್ನು ಕಳಿಸುವುದು ದುಬಾರಿ, ಜಾಗ ಕಡಿಮೆ, ಗಗನಯಾತ್ರಿಗಳ ಸಮಯ ಇನ್ನೂ ಕಡಿಮೆ. ಸಾಮಾನ್ಯ ಕೋರ್ಸ್‌ಗಳಲ್ಲಿ ಬರುವ ಉದಾಹರಣೆಗಳು ಸಾವಿರಾರು ಚಿತ್ರಗಳ, ಲಕ್ಷಾಂತರ ಗ್ರಾಹಕರ ಲೆಕ್ಕದವು. ಇಲ್ಲಿ ಪರಿಸ್ಥಿತಿ ತಲೆಕೆಳಗು. ಗಣಿತದ ಪ್ರಕಾರ, ಇಪ್ಪತ್ತು ಬಿಂದುಗಳನ್ನು ಇಪ್ಪತ್ತು ಸಾವಿರ ಆಯಾಮಗಳ ಅವಕಾಶದಲ್ಲಿ ಇಟ್ಟರೆ, ಅವುಗಳಿಗೆ ನೀವು ಯಾವ ಹೆಸರು ಅಂಟಿಸಿದರೂ ಎರಡು ಗುಂಪುಗಳನ್ನು ಬೇರ್ಪಡಿಸುವ ಸಮತಲ ಬಹುತೇಕ ಸಿಕ್ಕೇ ಸಿಗುತ್ತದೆ. ಆದ್ದರಿಂದ ‘ಯಾನದ ಇಲಿ, ನೆಲದ ಇಲಿ ಎಂದು ಮಾಡೆಲ್ ಸರಿಯಾಗಿ ಗುರುತಿಸಿತು’ ಎಂಬ ಮಾತಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ.

ಇದನ್ನು ಮನಸ್ಸಿಗೆ ನಾಟಿಸಿದ ಅಭ್ಯಾಸವೊಂದನ್ನು ಈ ದಾರಿಗೆ ಬರುವ ಪ್ರತಿಯೊಬ್ಬರೂ ಮಾಡಬೇಕೆಂದು ಒತ್ತಾಯಿಸುತ್ತೇನೆ. ಕಂಪ್ಯೂಟರಿನಿಂದ ಬರೀ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವೊಂದನ್ನು ಮಾಡಿ, ಇಪ್ಪತ್ತು ಸುಳ್ಳು ಇಲಿಗಳು, ಇಪ್ಪತ್ತು ಸಾವಿರ ಸುಳ್ಳು ಜೀನ್‌ಗಳು, ಚೀಟಿ ಎತ್ತಿದಂತೆ ಹಂಚಿದ ಎರಡು ಗುಂಪುಗಳು. ಮೊದಲು ಎಲ್ಲ ಇಲಿಗಳನ್ನೂ ನೋಡಿ ಗುಂಪುಗಳ ನಡುವೆ ಅತಿ ಹೆಚ್ಚು ವ್ಯತ್ಯಾಸವಿರುವ ಐವತ್ತು ಜೀನ್‌ಗಳನ್ನು ಆರಿಸಿ, ಆಮೇಲೆ ಕ್ರಾಸ್ ವ್ಯಾಲಿಡೇಶನ್ (ಪ್ರತಿ ಸುತ್ತಿನಲ್ಲೂ ಕೆಲವು ಇಲಿಗಳನ್ನು ಬದಿಗಿಟ್ಟು, ಉಳಿದವುಗಳಿಂದ ಕಲಿಸಿ, ಬದಿಗಿಟ್ಟವುಗಳ ಮೇಲೆ ಪರೀಕ್ಷಿಸುವುದು) ಮಾಡಿದರೆ ಮಾಡೆಲ್ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೇಳುತ್ತದೆ. ದತ್ತಾಂಶದಲ್ಲಿ ಏನೂ ಇಲ್ಲ, ಆದರೂ ಫಲಿತಾಂಶ ಅದ್ಭುತ! ಪರೀಕ್ಷೆಗೆಂದು ಬದಿಗಿಡಬೇಕಿದ್ದ ಇಲಿಗಳು ಜೀನ್ ಆರಿಸುವಾಗಲೇ ತಮ್ಮ ಗುಟ್ಟು ಬಿಟ್ಟುಕೊಟ್ಟಿರುತ್ತವೆ. ಅದೇ ಆಯ್ಕೆಯನ್ನು ಪ್ರತಿ ಸುತ್ತಿನಲ್ಲೂ ತರಬೇತಿಯ ಇಲಿಗಳಿಂದಷ್ಟೇ ಮಾಡಿದರೆ ನಿಖರತೆ ನಾಣ್ಯ ಚಿಮ್ಮಿದ ಮಟ್ಟಕ್ಕೆ, ಅಂದರೆ ಶೇಕಡಾ 50ರ ಸುತ್ತಮುತ್ತಕ್ಕೆ, ಇಳಿಯುತ್ತದೆ. ಸೈಕಿಟ್-ಲರ್ನ್‌ನ ಪೈಪ್‌ಲೈನ್ ಸೌಲಭ್ಯ ಇರುವುದು ಇದಕ್ಕಾಗಿಯೇ: ಅಳತೆ ಸರಿಹೊಂದಿಸುವಿಕೆ, ಜೀನ್ ಆಯ್ಕೆ, ಮಾಡೆಲ್, ಮೂರನ್ನೂ ಒಟ್ಟಿಗೆ ಕಟ್ಟಿ ಕ್ರಾಸ್ ವ್ಯಾಲಿಡೇಶನ್‌ನ ಒಳಗೆ ಇಡಬೇಕು. ಅದರ ಜೊತೆಗೆ ಗುಂಪಿನ ಹೆಸರುಗಳನ್ನು ಕಲಸಿ ಮತ್ತೆ ಮತ್ತೆ ಓಡಿಸುವ ಪರ್ಮ್ಯುಟೇಶನ್ ಪರೀಕ್ಷೆಯನ್ನೂ ಮಾಡಿದರೆ, ನಿಜವಾದ ಫಲಿತಾಂಶ ಆಕಸ್ಮಿಕಕ್ಕಿಂತ ಎಷ್ಟು ದೂರವಿದೆ ಎಂದು ತಿಳಿಯುತ್ತದೆ.

ಆದರೆ ಪರೀಕ್ಷೆ ಸರಿಯಾಗಿ ನಡೆದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಅದು ನನಗೆ ಹೆಚ್ಚು ಪ್ರಿಯವಾದುದು: ಮಾಡೆಲ್ ಕಲಿತದ್ದು ಗುರುತ್ವವಿಲ್ಲದ ಸ್ಥಿತಿಯನ್ನೋ, ಅದರ ಜೊತೆಗೆ ಬಂದ ಬೇರೇನನ್ನೋ? ಎರೆ ಹೊಲದಲ್ಲಿ ಒಂದು ತಳಿ, ಮಸಾರಿ ಹೊಲದಲ್ಲಿ ಇನ್ನೊಂದು ತಳಿ ಬಿತ್ತಿ ಇಳುವರಿ ಹೋಲಿಸಿದರೆ ವ್ಯತ್ಯಾಸ ತಳಿಯದೋ ಮಣ್ಣಿನದೋ ಎಂದು ಹೇಳಲಾಗದು. ಇಲ್ಲಿಯೂ ಅದೇ ತೊಡಕು. ಕಕ್ಷೆಯಲ್ಲಿ ಕೆಲವು ಪ್ರಾಣಿಗಳನ್ನು ಇಡಿಯಾಗಿ ಶೈತ್ಯೀಕರಿಸಿ ನೆಲಕ್ಕೆ ತಂದು ಅಂಗ ಬಿಡಿಸಲಾಗುತ್ತದೆ, ಕೆಲವನ್ನು ಅಲ್ಲೇ ತಕ್ಷಣ. ಈ ಸಂರಕ್ಷಣೆಯ ವಿಧಾನವೇ ಜೀನ್‌ಗಳ ಎಣಿಕೆಯನ್ನು ಬದಲಿಸಿ ಯಾನದ ಪರಿಣಾಮವನ್ನು ಮರೆಮಾಡಬಲ್ಲುದೆಂದು ಜೀನ್‌ಲ್ಯಾಬ್‌ನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಆದ್ದರಿಂದ ಮಾಡೆಲ್ ಕಟ್ಟುವ ಮೊದಲೇ ಸಾವಿರಾರು ಜೀನ್‌ಗಳ ವ್ಯತ್ಯಾಸವನ್ನು ಒಂದೆರಡು ಅಕ್ಷಗಳಿಗೆ ಇಳಿಸಿ ತೋರಿಸುವ ಪ್ರಧಾನ ಘಟಕ ವಿಶ್ಲೇಷಣೆಯ ಚಿತ್ರ ಬಿಡಿಸಿ, ಬಿಂದುಗಳಿಗೆ ಯಾನದ ಬಣ್ಣ ಮಾತ್ರವಲ್ಲ, ಸಂರಕ್ಷಣೆಯ ಬಣ್ಣವನ್ನೂ ಹಚ್ಚಿ ನೋಡುವುದು ನನ್ನ ಪದ್ಧತಿಯಾಗಿದೆ.

ಪ್ರಾಣಿಶಾಸ್ತ್ರದವನಾಗಿದ್ದು ಉಪಯೋಗಕ್ಕೆ ಬಂದದ್ದು ಇಂಥಲ್ಲಿ. ಯಕೃತ್ತಿನ ಅನೇಕ ಜೀನ್‌ಗಳು ದಿನದ ಗಂಟೆಗೆ ತಕ್ಕಂತೆ, ಮೇವು ತಿಂದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ. ಮಾಡೆಲ್ ಆರಿಸಿದ ಪಟ್ಟಿಯಲ್ಲಿ ಜೈವಿಕ ಗಡಿಯಾರದ ಪರ್ ಜೀನ್‌ಗಳೋ ಡಿಬಿಪಿಯೋ ಮೇಲೆ ಕಂಡರೆ, ಎರಡೂ ಗುಂಪಿನ ಇಲಿಗಳಿಂದ ಒಂದೇ ಹೊತ್ತಿನಲ್ಲಿ ಮಾದರಿ ತೆಗೆದಿದ್ದರೇ ಎಂದು ಮೊದಲು ಕೇಳಬೇಕು. ಭಂಡಾರದಲ್ಲಿ ಪ್ರತಿ ಪ್ರಯೋಗದ ಜೊತೆಗಿರುವ ಮೆಟಾಡೇಟಾವನ್ನು, ಅಂದರೆ ಪ್ರಯೋಗ ಹೇಗೆ ನಡೆಯಿತೆಂಬ ವಿವರಗಳ ದಾಖಲೆಯನ್ನು, ಓದದೆ ಈ ಪ್ರಶ್ನೆಗೆ ಉತ್ತರವಿಲ್ಲ. ನೆಲದ ನಿಯಂತ್ರಣ ಗುಂಪುಗಳ ವ್ಯತ್ಯಾಸವೂ ಅಲ್ಲಿಯೇ ಸಿಗುತ್ತದೆ: ಒಂದು ಗುಂಪು ಯಾನದ ಪಂಜರದಂಥದೇ ಪಂಜರದಲ್ಲಿ, ನಿಲ್ದಾಣದ ಉಷ್ಣತೆ, ತೇವ ಮತ್ತು ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅನುಕರಿಸುವ ಕೋಣೆಯಲ್ಲಿ ಇದ್ದರೆ, ಇನ್ನೊಂದು ಸಾಮಾನ್ಯ ಪ್ರಾಣಿಗೃಹದಲ್ಲಿ ಇರುತ್ತದೆ. ನಿಲ್ದಾಣದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಭೂಮಿಯ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಹೋಲಿಕೆಗೆ ನಾನು ಮೊದಲನೆಯ ಗುಂಪನ್ನೇ ಆರಿಸಿಕೊಂಡೆ.

ಮಾಡೆಲ್‌ಗಳ ವಿಷಯದಲ್ಲಿ ಸರಳವಾದವುಗಳೇ ನನಗೆ ಹಿಡಿಸಿದವು. ಲ್ಯಾಸೊ ಬಗೆಯ ಲಾಜಿಸ್ಟಿಕ್ ರಿಗ್ರೆಶನ್ ಕೆಲವೇ ಜೀನ್‌ಗಳನ್ನು ಉಳಿಸಿ ಉಳಿದವನ್ನು ಸೊನ್ನೆ ಮಾಡುತ್ತದೆ. ರ‍್ಯಾಂಡಮ್ ಫಾರೆಸ್ಟ್ ಪ್ರತಿ ಜೀನ್‌ನ ಮಹತ್ವಕ್ಕೆ ಅಂಕ ಕೊಡುತ್ತದೆ. ಒಂದು ಇಲಿಯನ್ನು ತೆಗೆದು ಮತ್ತೆ ಓಡಿಸಿದರೆ ಲ್ಯಾಸೊದ ಪಟ್ಟಿ ಗಮನಾರ್ಹವಾಗಿ ಬದಲಾಗುವುದನ್ನು ಕಂಡ ಮೇಲೆ, ಒಂದು ಓಟದ ಪಟ್ಟಿಯನ್ನು ನಂಬದೆ, ಅನೇಕ ಓಟಗಳಲ್ಲಿ ಪದೇ ಪದೇ ಬರುವ ಜೀನ್‌ಗಳನ್ನಷ್ಟೇ ಇಟ್ಟುಕೊಂಡು, ಅವು ಕೊಬ್ಬಿನ ಚಯಾಪಚಯದಂಥ ಯಾವುದಾದರೂ ಒಂದು ಜೈವಿಕ ಕ್ರಿಯಾಮಾರ್ಗಕ್ಕೆ ಸೇರುತ್ತವೆಯೇ ಎಂದು ನೋಡುತ್ತೇನೆ. ಹಲವು ಪದರಗಳ ಜಾಲದಿಂದ ಕಲಿಯುವ ಡೀಪ್ ಲರ್ನಿಂಗ್ ಪಾಠಗಳನ್ನೂ ಮುಗಿಸಿದ್ದೇನೆ, ಆದರೆ ಇಷ್ಟು ಕಡಿಮೆ ಮಾದರಿಗಳ ಮೇಲೆ ಅದನ್ನು ಮೊದಲಿನಿಂದ ತರಬೇತುಗೊಳಿಸುವುದರಲ್ಲಿ ಅರ್ಥ ಕಾಣಲಿಲ್ಲ.

ಎಲ್ಲಕ್ಕಿಂತ ಕಠಿಣ ಪರೀಕ್ಷೆಯೆಂದರೆ ಒಂದು ಯಾನದ ಇಲಿಗಳಿಂದ ಕಲಿತ ಮಾಡೆಲನ್ನು ಇನ್ನೊಂದು ಯಾನದ ಇಲಿಗಳ ಮೇಲೆ ಪ್ರಯೋಗಿಸುವುದು. ಇಲಿಗಳ ತಳಿ, ಲಿಂಗ, ವಯಸ್ಸು, ಕಕ್ಷೆಯಲ್ಲಿದ್ದ ಅವಧಿ ಎಲ್ಲವೂ ಬೇರೆಯಾಗುವುದರಿಂದ ನಿಖರತೆ ಬೀಳುತ್ತದೆ, ಮತ್ತು ಆ ಬೀಳುವಿಕೆಯನ್ನೇ ನಾನು ಪ್ರಾಮಾಣಿಕ ಅಂಕಿ ಎಂದು ಪರಿಗಣಿಸುತ್ತೇನೆ.

ಈಗ ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಅರಬಿಡಾಪ್ಸಿಸ್ ಸಸಿಗಳ ದತ್ತಾಂಶಕ್ಕೆ ಬಂದಿದ್ದೇನೆ, ಏಕೆಂದರೆ ಮೊಳಕೆಗಳ ಬಗ್ಗೆ ಅವರು ಕೇಳಿದ ಪ್ರಶ್ನೆಗೆ ಇಲಿಗಿಂತ ಅದೇ ಹತ್ತಿರ. ಇಲ್ಲಿ ಹೊಸ ತೊಡಕು ಬೆಳಕಿನದು: ಬ್ರಿಕ್ ಎಂಬ ಮುಚ್ಚಿದ ಡಬ್ಬಿಗಳಲ್ಲಿನ ಸಸಿಗಳು ಕತ್ತಲಲ್ಲಿ ಬೆಳೆದರೆ, ವೆಜ್ಜಿ ಉಪಕರಣದಲ್ಲಿನವು ಎಲ್‌ಇಡಿ ಬೆಳಕಿನಲ್ಲಿ ಬೆಳೆಯುತ್ತವೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದರೆ ಮಾಡೆಲ್ ಬೆಳಕನ್ನು ಕಲಿಯುತ್ತದೆ, ಗುರುತ್ವವನ್ನಲ್ಲ. ಹಾಗಾಗಿ ಪ್ರತಿ ಪ್ರಯೋಗದ ಯಾನದ ಗುಂಪನ್ನು ಅದರದೇ ನೆಲದ ಗುಂಪಿನೊಂದಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು, ನಂತರ ಪ್ರಯೋಗಗಳನ್ನು ಒಂದುಗೂಡಿಸುತ್ತಿದ್ದೇವೆ. ಒಂದೊಂದು ಪ್ರಯೋಗದ ಮೆಟಾಡೇಟಾ ಓದಿ ಬೆಳಕು, ವಯಸ್ಸು, ಸಸ್ಯದ ಬಗೆ, ಸಂರಕ್ಷಣೆಯ ವಿಧಾನ ಇವುಗಳ ಕೋಷ್ಟಕ ಮಾಡುವ ಕೆಲಸವನ್ನು ವಿದ್ಯಾರ್ಥಿಗಳು ಹಂಚಿಕೊಂಡಿದ್ದಾರೆ. ಆ ಕೋಷ್ಟಕ ತುಂಬುವವರೆಗೆ ಮಾಡೆಲ್‌ನ ಒಂದು ಸಾಲನ್ನೂ ಬರೆಯಬಾರದೆಂದು ನಮ್ಮಲ್ಲಿ ಒಪ್ಪಂದವಾಗಿದೆ.